ಕರಟಕನನ್ನು ಕಥೆಯಿಂದ ಹೊರಹಾಕಬೇಡಿ

ಮಾನ್ಯರೇ,

ಬೇಸಿಗೆ ಶಿಬಿರಗಳಲ್ಲಿ, ಅಪಾರ್ಟ್‌ಮೆಂಟ್‌ಗಳ ಭಾನುವಾರದ ಕಥಾಕೂಟಗಳಲ್ಲಿ ಬೆಂಗಳೂರಿನ ಮಕ್ಕಳಿಗೆ ಪಂಚತಂತ್ರ ಈಗಲೂ ಸಿಗುತ್ತಿರುವುದು ಸಂತೋಷದ ಸಂಗತಿ. ಆದರೆ ಬಹಳಷ್ಟು ಕಡೆ ಸಿಗುವುದು ಐದು ನಿಮಿಷಕ್ಕೆ ಇಳಿಸಿದ ಕಥೆ, ಕೊನೆಗೆ ‘ನೀತಿ’ ಎಂಬ ಒಂದು ಸಾಲು. ಇಳಿಸುವಾಗ ಮೊದಲು ಕತ್ತರಿ ಬೀಳುವುದು ಪ್ರಾಣಿಗಳ ಮಾತುಕತೆಗೆ. ರಾಜನೀತಿ ಇರುವುದೇ ಅಲ್ಲಿ.

ಸಿಂಹ ಪಿಂಗಳಕ, ಎತ್ತು ಸಂಜೀವಕರ ಕಥೆಯನ್ನೇ ನೋಡಿ. ನರಿ ಚಾಡಿ ಹೇಳಿತು, ಸಿಂಹ ಎತ್ತನ್ನು ಕೊಂದಿತು, ಚಾಡಿ ಕೇಳಬಾರದು: ಈಗ ಉಳಿದಿರುವುದು ಇಷ್ಟೇ. ಮೂಲದಲ್ಲಿ ದಮನಕನೆಂಬ ಆ ನರಿ ಇಬ್ಬರ ಬಳಿಗೂ ಹೋಗುತ್ತಾನೆ. ಎತ್ತು ಕೊಂಬು ಮುಂದೆ ಮಾಡಿ, ಅತ್ತಿತ್ತ ನೋಡುತ್ತ ಬಂದರೆ ದ್ರೋಹ ಖಚಿತ ಎಂದು ಸಿಂಹಕ್ಕೆ ಹೇಳುತ್ತಾನೆ. ಸಿಂಹ ಕಣ್ಣು ಕೆಂಪಗೆ ಮಾಡಿಕೊಂಡು ದಿಟ್ಟಿಸಿದರೆ ನಿನ್ನ ಕಥೆ ಮುಗಿಯಿತು ಎಂದು ಎತ್ತಿಗೆ. ಹೆದರಿದ ಇಬ್ಬರೂ ಹಾಗೆಯೇ ನಿಲ್ಲುತ್ತಾರೆ. ಸುಳ್ಳಿಗೆ ಬೇಕಾದ ಸಾಕ್ಷಿಯನ್ನು ಭಯವೇ ಒದಗಿಸುತ್ತದೆ. ವಾಟ್ಸ್‌ಆ್ಯಪ್ ವದಂತಿಗಳ ನಡುವೆ ಬೆಳೆಯುತ್ತಿರುವ ಮಕ್ಕಳಿಗೆ ತಿಳಿಯಬೇಕಾದದ್ದು ಈ ಭಾಗ.

ಇನ್ನೊಂದು ನಷ್ಟ ಕರಟಕನದು. ಅವನೂ ನರಿಯೇ. ತನ್ನದಲ್ಲದ ವ್ಯವಹಾರಕ್ಕೆ ಕೈಹಾಕಬೇಡ ಎಂದು ಬೆಣೆ ಕಿತ್ತ ಕೋತಿಯ ಕಥೆ ಹೇಳಿ ಮೊದಲೇ ಎಚ್ಚರಿಸುವವನು, ಅನಾಹುತವಾಗುವಾಗ ದಮನಕನನ್ನು ಬೈಯುವವನು. ಅವನನ್ನು ತೆಗೆದರೆ ‘ನರಿ ಎಂದರೆ ಕುತಂತ್ರಿ’ ಎಂಬುದಷ್ಟೇ ಉಳಿಯುತ್ತದೆ. ಗುಣ ಹುಟ್ಟಿನಿಂದಲೇ ಬರುತ್ತದೆ ಎಂದು ಮಗು ಕಲಿಯುತ್ತದೆ. ಕಥೆ ಹೇಳಹೊರಟಿದ್ದು ಇದಕ್ಕೆ ತದ್ವಿರುದ್ಧ.

ಸುಮಾರು 1031ರಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ. ಯುದ್ಧ, ಸಂಧಾನಗಳೇ ಅವನ ದಿನನಿತ್ಯದ ಕೆಲಸ. ಮಕ್ಕಳನ್ನು ಮಲಗಿಸಲು ಬರೆದದ್ದಲ್ಲ ಅದು. ಸಂಸ್ಕೃತದ ಕಥೆಯಲ್ಲಿ ದಮನಕ ಕೊನೆಗೆ ಮಂತ್ರಿಯಾಗಿಯೇ ಉಳಿಯುತ್ತಾನೆ. ಎಂಟನೇ ಶತಮಾನದಲ್ಲಿ ಅರಬ್ಬಿಗೆ ತಂದ ಇಬ್ನ್ ಅಲ್-ಮುಖಫ್ಫಾ ಅದನ್ನು ಹಾಗೇ ಬಿಡದೆ, ಅವನ ವಿಚಾರಣೆಯ ಅಧ್ಯಾಯವೊಂದನ್ನು ಸೇರಿಸಿದ. ಎರಡೂ ಮುಕ್ತಾಯಗಳನ್ನು ಹೇಳಿ, ಯಾವುದು ನ್ಯಾಯ, ಯಾವುದು ನಿಜಕ್ಕೆ ಹತ್ತಿರ ಎಂದು ಪ್ರೌಢಶಾಲೆಯ ಮಕ್ಕಳನ್ನು ಕೇಳಿದರೆ ವಾದ ತಾನಾಗಿ ಹೊತ್ತಿಕೊಳ್ಳುತ್ತದೆ.

ಹೇಳುವವರಿಗೆ ಒಂದೆರಡು ಮಾತು. ಹತ್ತು ವರ್ಷ ದಾಟಿದ ಮಕ್ಕಳಿಗೆ ಒಂದೇ ಕಥೆಗೆ ಇಪ್ಪತ್ತು ನಿಮಿಷ ಕೊಡಿ. ಎತ್ತು ಸಿಂಹದತ್ತ ನಡೆಯುವಲ್ಲಿ ನಿಲ್ಲಿಸಿ, ಇದನ್ನು ಈಗ ಯಾರು ತಡೆಯಬಹುದು ಎಂದು ಕೇಳಿ. ಒಬ್ಬರನ್ನೊಬ್ಬರು ನೇರವಾಗಿ ಕೇಳಬಹುದಿತ್ತಲ್ಲ ಎಂಬ ಉತ್ತರ ಬಂದರೆ, ಯಾಕೆ ಕೇಳಲಿಲ್ಲ ಎಂದು ಮತ್ತೆ ಕೇಳಿ. ನೀತಿಯನ್ನು ನೀವೇ ಹೇಳಿಬಿಟ್ಟರೆ ಯೋಚನೆ ಅಲ್ಲಿಗೇ ನಿಲ್ಲುತ್ತದೆ. ಸಿಂಹ ಎಂದರೆ ಇಂಥ ರಾಜಕಾರಣಿ ಎಂದು ಬೊಟ್ಟುಮಾಡಲೂ ಬೇಡಿ. ಅವರನ್ನು ಮೆಚ್ಚುವವರ ಕಿವಿ ಆ ಕ್ಷಣವೇ ಮುಚ್ಚುತ್ತದೆ, ಚುನಾವಣೆ ಕಳೆದ ಮೇಲೆ ಕಥೆಯೂ ಹಳಸುತ್ತದೆ.

ಚಿಕ್ಕವರಿಗೆ ಗೋವಿನ ಹಾಡೇ ಸರಿ. ಆದರೆ ಹುಲಿ ಪ್ರಾಣ ಬಿಡುವ ದೃಶ್ಯಕ್ಕೆ ಓಡಬೇಡಿ. ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ತಾಯಿ ಉಳಿದ ಹಸುಗಳಿಗೆ ಕರುವನ್ನು ಒಪ್ಪಿಸುವ ಭಾಗವನ್ನು ನಿಧಾನವಾಗಿ ಹಾಡಿಸಿ. ತಬ್ಬಲಿಗೆ ಊರು ಏನು ಕೊಡಬೇಕು ಎಂಬುದು ಅಲ್ಲಿದೆ.

ದೊಡ್ಡವರ ಓದುಕೂಟಗಳು ಗಂಗದತ್ತ ಕಪ್ಪೆಯಿಂದ ಶುರುಮಾಡಬಹುದು. ದಾಯಾದಿಗಳ ಮೇಲಿನ ಸಿಟ್ಟಿಗೆ ಬಾವಿಯೊಳಗೆ ಹಾವನ್ನು ಕರೆತಂದ ರಾಜ ಅವನು. ದಾಯಾದಿಗಳು ಮುಗಿದ ಮೇಲೆ ಹಾವು ಅವನ ಕಡೆಯವರನ್ನೇ ತಿನ್ನತೊಡಗಿತು. ಪ್ರಕಾಶಕರಲ್ಲಿ ನಮ್ಮ ಕೋರಿಕೆ ಒಂದೇ: ಮುಂದಿನ ಮುದ್ರಣದಲ್ಲಿ ‘ನೀತಿ’ಯ ಸಾಲು ತೆಗೆದು, ಆ ಜಾಗಕ್ಕೆ ಕರಟಕನ ಮಾತುಗಳನ್ನು ಸೇರಿಸಿ.

– ಕಥೆ ಹೇಳುವ ಕೆಲವು ಶಿಕ್ಷಕರು, ಬೆಂಗಳೂರು