ಶಾಸಕರೇ, ಮುಂದಿನ ವರ್ಕ್‌ಶಾಪ್ ನಮ್ಮ ಮೋರಿ ಪಕ್ಕದಲ್ಲೇ ಆಗಲಿ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ ಸಾರ್. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ, ಅದಕ್ಕೇ ಈ ಸಲ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಕಾರ್ಪೊರೇಟರ್ ಅಂತ ಒಬ್ಬರು ಇದ್ದಿದ್ದರೆ ಚರಂಡಿ ವಿಷಯಕ್ಕೆ ನಿಮ್ಮ ತನಕ ಬರುತ್ತಿರಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಪಾಲಿಕೆಯ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಹಾಗಾಗಿ ವಿಧಾನಸಭೆಗೂ ನೀವೇ, ಮೋರಿ ಕಟ್ಟಿಕೊಂಡರೂ ನೀವೇ.

ನಾನು ಖಾಸಗಿ ಕಂಪನಿಗಳಲ್ಲಿ ಸೈಟ್ ಇಂಜಿನಿಯರ್ ಆಗಿದ್ದು ರಿಟೈರ್ ಆದವನು. ಮನೆ ನಿಮ್ಮ ಕ್ಷೇತ್ರದ ತಗ್ಗಿನ ಬೀದಿಯಲ್ಲಿ. ಸ್ವಲ್ಪ ದಿನದ ಹಿಂದೆ ನಮ್ಮ ನಿವಾಸಿಗಳ ಸಂಘದ ಪರವಾಗಿ ಮಳೆನೀರು ನಿರ್ವಹಣೆಯ ಒಂದು ವರ್ಕ್‌ಶಾಪ್‌ಗೆ ಹೋಗಿದ್ದೆ. ದೊಡ್ಡ ಹೋಟೆಲ್, ಕುತ್ತಿಗೆಗೆ ಟ್ಯಾಗು, ಕೈಗೆ ಒಂದು ಚೀಲ, ಅದರಲ್ಲಿ ಪೆನ್ನು ಪುಸ್ತಕ. ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಭಾಷಣಗಳೂ ಕೆಟ್ಟದ್ದೇನಲ್ಲ. ಸಿಂಗಾಪುರದ ಬಿಶಾನ್ ಪಾರ್ಕಿನಲ್ಲಿ ಕಾಂಕ್ರೀಟ್ ಕಾಲುವೆಯನ್ನು ಒಡೆದು, 2012ರ ಹೊತ್ತಿಗೆ ಅಲ್ಲಿ ಸುಮಾರು 3 ಕಿ.ಮೀ. ಉದ್ದದ ಹೊಳೆಯನ್ನೇ ಹರಿಸಿದ್ದನ್ನು ತೋರಿಸಿದರು. 2011ರ ಜುಲೈನಲ್ಲಿ ಕೋಪನ್‌ಹೇಗನ್ ಒಂದೇ ಸಂಜೆಯ ಮಳೆಗೆ ಮುಳುಗಿತು, ಮರುವರ್ಷವೇ ಆ ಊರು ಇಡೀ ನಗರಕ್ಕೆ ಮೋಡಸ್ಫೋಟ ಎದುರಿಸುವ ಪ್ಲಾನ್ ಮಾಡಿಕೊಂಡಿತು ಅನ್ನುವುದನ್ನೂ ಹೇಳಿದರು. ಎಲ್ಲವೂ ಇಂಗ್ಲಿಷಿನಲ್ಲಿ.

ನನ್ನ ಪಕ್ಕದಲ್ಲಿ ಒಬ್ಬ ಜೂನಿಯರ್ ಇಂಜಿನಿಯರ್ ಕೂತಿದ್ದರು, ಪಾಪ, ಎಳೆಯ ಹುಡುಗ. ಅವರ ಫೋನ್ ನಿಂತದ್ದೇ ಇಲ್ಲ. ಎಲ್ಲೋ ಮರ ಬಿದ್ದಿದೆ, ಇನ್ನೆಲ್ಲೋ ದೊಡ್ಡವರು ಬರುತ್ತಿದ್ದಾರೆ, ಗುಂಡಿ ಮುಚ್ಚಿಸಬೇಕು. ಊಟಕ್ಕೆ ಮುಂಚೆಯೇ ಎದ್ದು ಹೋದರು. ಆ ದಿನ ನಿಜವಾಗಿ ಕೆಲಸಕ್ಕೆ ಬರುವ ಪಾಠ ಇದ್ದದ್ದು ಮಧ್ಯಾಹ್ನ: ಇಷ್ಟು ಜಾಗಕ್ಕೆ ಇಷ್ಟು ಮಳೆ ಬಿದ್ದರೆ ಚರಂಡಿ ಎಷ್ಟು ದೊಡ್ಡದಿರಬೇಕು ಅನ್ನುವ ಲೆಕ್ಕ. ಅದನ್ನು ಕೇಳಲು ಬೆರಳೆಣಿಕೆಯಷ್ಟು ಜನ ಉಳಿದಿದ್ದೆವು. ಅವರಲ್ಲಿ ನಾನೂ ಒಬ್ಬ, ನನಗೆ ಆ ಲೆಕ್ಕ ಮೊದಲೇ ಗೊತ್ತು!

ಲೆಕ್ಕ ಏನು ಮಹಾ ಕಷ್ಟದ್ದಲ್ಲ ಸಾರ್, ನೀವೂ ಮಾಡಬಹುದು. 10 ಹೆಕ್ಟೇರ್ ಜಾಗ ಅಂತ ಇಟ್ಟುಕೊಳ್ಳಿ, ಅಂದರೆ ಸುಮಾರು 25 ಎಕರೆ. ಗಂಟೆಗೆ 60 ಮಿ.ಮೀ. ರಭಸದಲ್ಲಿ ಮಳೆ. ಅಲ್ಲಿ ತೋಟ, ಬಯಲು ಇದ್ದಾಗ ಬಿದ್ದ ನೀರಿನಲ್ಲಿ ನೂರಕ್ಕೆ 30 ಪಾಲು ಹರಿಯುತ್ತದೆ ಅಂದುಕೊಂಡರೆ, ಚರಂಡಿಗೆ ಬರುವುದು ಸೆಕೆಂಡಿಗೆ 500 ಲೀಟರ್. ಅದೇ ಜಾಗ ಟೆರೇಸು, ಸಿಮೆಂಟು, ಟಾರು ಆಗಿಬಿಟ್ಟರೆ 90 ಪಾಲು ಹರಿಯುತ್ತದೆ, ಸೆಕೆಂಡಿಗೆ 1,500 ಲೀಟರ್. ಮಳೆ ಜಾಸ್ತಿ ಆಗಲಿಲ್ಲ, ಮೂರು ಪಟ್ಟು ನೀರು ಬಂತು. ನಮ್ಮ ಬೀದಿ ಚರಂಡಿಯ ಅಗಲ ಮಾತ್ರ ತೋಟದ ಕಾಲದ್ದೇ.

ಹೋಗಲಿ, ಅಗಲ ಮಾಡಲು ಜಾಗ ಇಲ್ಲ, ಒಪ್ಪೋಣ. ಇಳಿಜಾರಾದರೂ ಸರಿ ಇರಬೇಕಲ್ವಾ? ಎರಡು ವರ್ಷದ ಹಿಂದೆ ನಮ್ಮ ಬೀದಿಯ ಚರಂಡಿಯನ್ನು ಹೊಸದಾಗಿ ಕಟ್ಟಿದರು. ಕಾಂಕ್ರೀಟ್ ಗಟ್ಟಿಯಾಗಿದೆ, ಸ್ಲ್ಯಾಬ್ ನೀಟಾಗಿದೆ. ಮೊದಲ ಮಳೆಗೆ ನೀರು ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಬಂತು. ಎತ್ತರ ತಗ್ಗು ಅಳೆಯುವ ನನ್ನ ಹಳೇ ದುರ್ಬೀನು, ಡಂಪಿ ಲೆವೆಲ್, ತೆಗೆದು ನೋಡಿದೆ. ರಾಜಕಾಲುವೆಗೆ ಸೇರುವ ಕಡೆ ಚರಂಡಿಯ ತಳ ನಮ್ಮ ಮನೆ ಮುಂದಿನ ತಳಕ್ಕಿಂತ ನಾಲ್ಕು ಇಂಚು ಮೇಲಿದೆ. ಯಾರೋ ಲಂಚ ತಿಂದೇ ಹಾಗೆ ಮಾಡಿದರು ಅಂತ ನಾನು ಹೇಳುವುದಿಲ್ಲ. ಹೂಳಿನ ಮೇಲೆಯೇ ಲೆವೆಲ್ ಹಿಡಿದು ತಳದ ಕಾಂಕ್ರೀಟ್ ಹಾಕಿದ್ದಾರೆ, ಅಷ್ಟೇ. ಹೂಳಿನ ಕೆಳಗೆ ನಿಜವಾದ ತಳ ಇರುತ್ತದೆ, ಅದನ್ನು ಕೆದಕಿ ನೋಡಿ ಅಂತ ಆ ಮೇಸ್ತ್ರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇದಕ್ಕೆ ಡಂಪಿ ಲೆವೆಲ್ ಕೂಡ ಬೇಡ. ನೀರು ತುಂಬಿದ ಟ್ಯೂಬು, ಎರಡು ತುದಿಗೆ ಇಬ್ಬರು, ಹತ್ತು ನಿಮಿಷ. ಮನೆ ಕಟ್ಟುವಾಗ ಅದೇ ಮೇಸ್ತ್ರಿ ದಿನಾ ಮಾಡುವ ಕೆಲಸ ಅದು.

ನಾನು ಹೇಳಬೇಕಾದ್ದು ಇಷ್ಟೇ. ತರಬೇತಿಗೆ ದುಡ್ಡು ಖರ್ಚಾಗುತ್ತಿದೆ, ಆದರೆ ಚರಂಡಿಗೆ ಕೈ ಹಾಕುವವರಿಗೆ ಅದು ತಲುಪುತ್ತಿಲ್ಲ.

ಕಾನ್ಫರೆನ್ಸೇ ಬೇಡ ಅನ್ನುವವನಲ್ಲ ನಾನು. ನಗರದ ಮಳೆನೀರಿನ ಬಗ್ಗೆಯೇ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಅಂತರರಾಷ್ಟ್ರೀಯ ಸಮ್ಮೇಳನ ಆಗುತ್ತದೆ, 2017ರಲ್ಲಿ ಪ್ರಾಗ್‌ನಲ್ಲಿ ಆಗಿತ್ತು, 2024ರಲ್ಲಿ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ. ನಮ್ಮ ಇಂಜಿನಿಯರ್‌ಗಳು ಅಂಥ ಕಡೆಗೆ ಹೋಗಲಿ, ಧಾರಾಳವಾಗಿ ಹೋಗಲಿ. ವಾಪಸ್ ಬಂದು ಒಂದು ಶನಿವಾರ ಕೆಳಗಿನವರನ್ನು ಕೂರಿಸಿಕೊಂಡು ಕನ್ನಡದಲ್ಲಿ ಹೇಳಲಿ. ಹಾಗೆ ಕಲಿತು ಬಂದವರನ್ನು ಆರೇ ತಿಂಗಳಿಗೆ ಚರಂಡಿಗೆ ಸಂಬಂಧವೇ ಇಲ್ಲದ ಕಡೆ ವರ್ಗ ಮಾಡಬೇಡಿ, ಅದು ನಿಮ್ಮ ಕೈಲಿರುವ ವಿಷಯ, ನನಗೂ ಗೊತ್ತು ನಿಮಗೂ ಗೊತ್ತು.

ಕಲಿಸಲು ಸಾಮಗ್ರಿ ಇಲ್ಲ ಅನ್ನುವ ಹಾಗೂ ಇಲ್ಲ. ಕೇಂದ್ರ ಸರ್ಕಾರ 2019ರಲ್ಲೇ ಮಳೆನೀರು ಚರಂಡಿಗೆ ಅಂತಲೇ ಪ್ರತ್ಯೇಕ ಕೈಪಿಡಿ ತಂದಿದೆ. ಚರಂಡಿಯ ಹರಿವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಅಮೆರಿಕದ ಸಾಫ್ಟ್‌ವೇರ್ ಒಂದಿದೆ, 1971ರಿಂದ ಬೆಳೆದು ಬಂದದ್ದು, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರು ನಗರದ ತುಂಬ ಮಳೆಮಾಪಕ ಇಟ್ಟಿದ್ದಾರೆ, ಮೇಘ ಸಂದೇಶ ಅಂತ ಆ್ಯಪ್ ಕೂಡ ಇದೆ. ಮೈಸೂರಿನಲ್ಲಿ ಸರ್ಕಾರದ್ದೇ ತರಬೇತಿ ಸಂಸ್ಥೆಗಳಿವೆ. ಇವೆಲ್ಲ ನಮ್ಮ ಮೇಸ್ತ್ರಿಯ ತನಕ, ಜೆಸಿಬಿ ಓಡಿಸುವ ಹುಡುಗನ ತನಕ ಇಳಿದು ಬಂದಿಲ್ಲ.

ಆ ಜೆಸಿಬಿ ಹುಡುಗನ ಮಾತು ಬಂತಲ್ಲ. ಹೂಳು ತೆಗೆದು ಅಲ್ಲೇ ದಡದ ಮೇಲೆ ಗುಡ್ಡೆ ಹಾಕಿ ಹೋಗುತ್ತಾನೆ. ಮುಂದಿನ ಮಳೆಗೆ ಅದು ಜಾರಿ ಮತ್ತೆ ಒಳಗೆ. ಬಿಲ್ಲು ಮಾತ್ರ ಒಂದೇ ಹೂಳಿಗೆ ಎರಡು ಸಲ. ರಸ್ತೆಗೆ ಟಾರಿನ ಮೇಲೆ ಟಾರು ಹಾಕಿದ ಕಡೆ ಎಲ್ಲೋ ನೀರು ಚರಂಡಿಗೆ ಇಳಿಯುವ ಜಾಲರಿ ಮುಚ್ಚಿಹೋಗಿರುತ್ತದೆ, ಎಲ್ಲೋ ಜಾಲರಿ ರಸ್ತೆಗಿಂತ ಎತ್ತರದಲ್ಲಿ ಕೂತಿರುತ್ತದೆ, ನೀರು ಅದಕ್ಕೆ ಹತ್ತಿ ಹೋಗಬೇಕು! ಮೋರಿಯ ಬಾಯಿಗೆ ಅಡ್ಡಲಾಗಿ ನೀರಿನ ಪೈಪು, ಕೇಬಲ್ಲು, ಅದಕ್ಕೆ ಸಿಕ್ಕಿಕೊಂಡ ಪ್ಲಾಸ್ಟಿಕ್ಕು. ಇದನ್ನೆಲ್ಲ ಹೋಟೆಲಿನ ಪರದೆಯ ಮೇಲೆ ತೋರಿಸಿ ಪ್ರಯೋಜನವಿಲ್ಲ, ಅಲ್ಲೇ ನಿಂತು ತೋರಿಸಬೇಕು.

ನಮ್ಮಜ್ಜನ ಊರು ಮಾಲೂರಿನ ಕಡೆ. ಅಲ್ಲಿ ಕೆರೆಗೆ ಒಬ್ಬ ನೀರಗಂಟಿ ಇದ್ದ. ತೂಬು ಯಾವಾಗ ಎತ್ತಬೇಕು, ಕೋಡಿ ಬಿದ್ದರೆ ನೀರು ಯಾರ ಗದ್ದೆ ದಾಟಿ ಮುಂದಿನ ಕೆರೆಗೆ ಹೋಗುತ್ತದೆ ಎಲ್ಲ ಅವನ ತಲೆಯಲ್ಲಿ. ಅವನು ಯಾವ ಸರ್ಟಿಫಿಕೇಟೂ ತಗೊಂಡವನಲ್ಲ, ಅಪ್ಪನ ಹಿಂದೆ ಕಾಲುವೆ ಏರಿಯ ಮೇಲೆ ನಡೆದು ಕಲಿತವನು. ನಮ್ಮ ಬೆಂಗಳೂರಿನ ರಾಜಕಾಲುವೆಗಳೂ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವ ಅಂಥವೇ ದಾರಿಗಳು. ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ, ಈ ಮೂರು ಕಣಿವೆಗಳಲ್ಲಿ ನಮ್ಮ ವಾರ್ಡಿನ ನೀರು ಯಾವುದಕ್ಕೆ ಇಳಿಯುತ್ತದೆ ಅಂತ ನಮ್ಮ ವರ್ಕ್ ಇನ್ಸ್‌ಪೆಕ್ಟರ್‌ಗೆ ಕೇಳಿ ನೋಡಿ. ಅವರನ್ನು ಬೈಯಬೇಡಿ, ಯಾರೂ ಅವರನ್ನು ಕಾಲುವೆಯುದ್ದಕ್ಕೂ ನಡೆಸಿಲ್ಲ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2021ರ ವರದಿಯ ಪ್ರಕಾರ ಕೋರಮಂಗಲ ಕಣಿವೆಯಲ್ಲಿ ನೂರು ವರ್ಷದ ಹಿಂದೆ 113 ಕಿ.ಮೀ. ಇದ್ದ ಕಾಲುವೆಗಳು 63 ಕಿ.ಮೀ. ಆಸುಪಾಸಿಗೆ ಇಳಿದಿವೆ. ಉಳಿದದ್ದು ಎಲ್ಲಿ ಹೋಯಿತು ಅಂತ ಹಳೇ ಗ್ರಾಮನಕ್ಷೆ ಓದಲು ಬಂದವರು ಮಾತ್ರ ಹೇಳಬಲ್ಲರು. ಅದೂ ಒಂದು ದಿನದ ಪಾಠ ಆಗಲಿ.

ಇನ್ನು ಕಾಲ. ಜೂನ್ ಹತ್ತಿರ ಬಂದಾಗ 'ಮುಂಗಾರು ಸಿದ್ಧತಾ ಸಭೆ' ಅಂತ ಫೋಟೋ ಬರುತ್ತದೆ. ಅಷ್ಟರಲ್ಲಿ ಭರಣಿ ಮಳೆಗೇ ನಮ್ಮ ಬೀದಿ ಒಂದು ಸಲ ಕೆರೆಯಾಗಿರುತ್ತದೆ. ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಒಬ್ಬ ಹೆಣ್ಣುಮಗಳು ಮುಳುಗಿ ತೀರಿಕೊಂಡದ್ದು 2023ರ ಮೇ 21ಕ್ಕೆ. 2025ರಲ್ಲಿ ಬಿಟಿಎಂ ಲೇಔಟಿನ ಅಪಾರ್ಟ್‌ಮೆಂಟಲ್ಲಿ ನಿಂತ ನೀರನ್ನು ಪಂಪ್ ಹಾಕಿ ತೆಗೆಯಲು ಹೋಗಿ ಕರೆಂಟ್ ಹೊಡೆದು ಇಬ್ಬರು ಹೋದದ್ದೂ ಮೇ ತಿಂಗಳಲ್ಲೇ. ಹಾಗೆ ನೋಡಿದರೆ ಪಂಪ್ ಹಾಕುವ ಮುಂಚೆ ಮೇನ್ ಸ್ವಿಚ್ ಆರಿಸಬೇಕು ಅನ್ನುವುದನ್ನು ನಮ್ಮಂಥ ನಿವಾಸಿಗಳಿಗೂ ಹೇಳಿಕೊಡಬೇಕು. ಫೆಬ್ರವರಿಯಲ್ಲಿ ಚರಂಡಿ ಒಣಗಿರುತ್ತದೆ, ತಳ ಕಾಣುತ್ತದೆ, ಟೆಂಡರಿಗೂ ಟೈಮ್ ಇರುತ್ತದೆ. ತರಬೇತಿ ಆಗ ಆಗಬೇಕು.

ಹಾಗಾಗಿ ಒಂದು ಕೋರಿಕೆ ಸಾರ್. ಬರುವ ಫೆಬ್ರವರಿಯಲ್ಲಿ ಮೂರು ದಿನ ಕೊಡಿಸಿ. ನಮ್ಮ ಕ್ಷೇತ್ರದ ಜೂನಿಯರ್ ಇಂಜಿನಿಯರ್‌ಗಳು, ವರ್ಕ್ ಇನ್ಸ್‌ಪೆಕ್ಟರ್‌ಗಳು, ಕಂಟ್ರಾಕ್ಟರ್ ಕಡೆಯ ಮೇಸ್ತ್ರಿಗಳು, ಜೆಸಿಬಿಯವರು, ಎಲ್ಲ ಸೇರಿ 40 ಜನ ಸಾಕು. ಕೂಲಿಯವರಿಗೆ ಆ ಮೂರು ದಿನದ ಕೂಲಿ ಕೊಡಿಸಿ, ಇಲ್ಲದಿದ್ದರೆ ಅವರು ಯಾಕೆ ಬರುತ್ತಾರೆ? ಇಂಜಿನಿಯರ್‌ಗಳ ಫೋನ್ ಆ ಮೂರು ದಿನ ಬೇರೆ ಯಾರಾದರೂ ಎತ್ತಲಿ. ನೀವೂ ಫೋನ್ ಮಾಡಬೇಡಿ. ನಮ್ಮ ಬೀದಿಯ ತಿರುಗು ಚರಂಡಿಯಿಂದ ಶುರು ಮಾಡಿ ರಾಜಕಾಲುವೆ ಕೆರೆಗೆ ಸೇರುವ ತನಕ ನಡೆಯೋಣ.

ಜಾಗಕ್ಕೆ ನಮ್ಮ ಗಣೇಶನ ಗುಡಿಯ ಪಕ್ಕದ ಶೆಡ್ ಇದೆ, ಬಾಡಿಗೆ ಇಲ್ಲ. ಡಂಪಿ ಲೆವೆಲ್ಲು, ಅದರ ಅಳತೆ ಕೋಲು ನಾನು ತರುತ್ತೇನೆ. ಮಧ್ಯಾಹ್ನಕ್ಕೆ ಬಿಸಿಬೇಳೆಬಾತ್, ಮೊಸರನ್ನ ಸಂಘದವರು ಮಾಡಿಸುತ್ತಾರೆ. 40 ಜೊತೆ ಗಂಬೂಟು, ಕೈಗವಸು ಮಾತ್ರ ನಿಮ್ಮ ಕಡೆಯಿಂದ ಬರಬೇಕು. ನೀವು ಬರುವುದಾದರೆ ನಿಮ್ಮ ಬೂಟಿನ ಸೈಜೂ ಹೇಳಿಕಳಿಸಿ.

ಇಂತಿ,
ನಿಮ್ಮ ಕ್ಷೇತ್ರದ, ತಗ್ಗಿನ ಬೀದಿಯ ಒಬ್ಬ ಮತದಾರ