ಅವರ ನೆಲ, ನಮ್ಮ ಚಾವಣಿ

ಸಂಪಾದಕರಿಗೆ ನಮಸ್ಕಾರ.

ಎಂಟು ತಿಂಗಳಿಂದ ನಮ್ಮ ಮಲಗುವ ಕೋಣೆಯ ಚಾವಣಿ ಸೋರುತ್ತಿದೆ. ಮೊದಲು ಅಂಗೈಯಷ್ಟು ಹಳದಿ ಕಲೆ ಇತ್ತು. ಈಗ ಬಣ್ಣ ಉಬ್ಬಿದೆ, ಮುಟ್ಟಿದರೆ ಗಾರೆ ಪುಡಿಪುಡಿಯಾಗಿ ಉದುರುತ್ತದೆ. ಫ್ಯಾನಿನ ಕೊಂಡಿಯ ಸುತ್ತ ಹನಿ ಕಟ್ಟಿದ್ದು ನೋಡಿ ನಿಜಕ್ಕೂ ಹೆದರಿದೆ. ಅವತ್ತೇ ಆ ಕೋಣೆಯ ಕರೆಂಟ್ ತೆಗೆಸಿಬಿಟ್ಟೆ.

ಮೇಲಿನ ಮನೆಯವರು ಕೆಟ್ಟವರಲ್ಲ. 'ನಮ್ಮ ಬಾತ್‌ರೂಮಲ್ಲಿ ಎಲ್ಲೂ ಸೋರ್ತಿಲ್ಲವಲ್ಲ' ಎನ್ನುತ್ತಿದ್ದರು. ಅವರ ಕಣ್ಣಿಗೆ ಕಾಣುವುದೂ ಇಲ್ಲ. ನೀರು ಟೈಲ್ಸ್ ಸಂದಿಯಲ್ಲಿ ಇಳಿದು, ಕಾಂಕ್ರೀಟಿನ ಬಿರುಕು ಹಿಡಿದು, ಇನ್ನೆಲ್ಲೋ ತೊಟ್ಟಿಕ್ಕುತ್ತದೆ.

ಕೊನೆಗೆ ಪ್ಲಂಬರ್ ಒಂದು ಉಪಾಯ ಮಾಡಿದರು. ಬಚ್ಚಲಿನ ನೀರು ಹೋಗುವ ಬಾಯಿ ಮುಚ್ಚಿ, ನೀಲಿ ಬಣ್ಣ ಬೆರೆಸಿದ ನೀರನ್ನು 24 ಗಂಟೆ ನಿಲ್ಲಿಸಿದರು. ಮರುದಿನ ನಮ್ಮ ಚಾವಣಿಯಲ್ಲಿ ಅದೇ ನೀಲಿ ಹನಿ! ಆಮೇಲೆ ವಾದ ನಿಂತಿತು.

ರಿಪೇರಿ ಮಾತ್ರ ಇನ್ನೂ ಆಗಿಲ್ಲ. ಟೈಲ್ಸ್ ಒಡೆಯಬೇಕು, ಕೆಲವು ದಿನ ಬಚ್ಚಲು ಬಳಸುವಂತಿಲ್ಲ. ಅವರ ಕಷ್ಟ ನನಗೂ ಅರ್ಥವಾಗುತ್ತದೆ. ಆದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಕಾಂಕ್ರೀಟೇ ಕಳಚಿ ಬೀಳುತ್ತದೆ. ಅದು ಅವರ ನೆಲವೂ ಹೌದು ಅಲ್ವಾ? ಸುಮ್ನೆ ಮೇಲೆ ಬಣ್ಣ ಬಳಿದರೆ ಏನೂ ಉಪಯೋಗವಿಲ್ಲ.

ಮೇಲಿನ ಮನೆಗಳಲ್ಲಿರುವವರಿಗೆ ನನ್ನದೊಂದು ವಿನಂತಿ. ಕೆಳಗಿನವರು ಬಂದು ಬಾಗಿಲು ತಟ್ಟಿದರೆ, ದಯವಿಟ್ಟು ಒಮ್ಮೆ ಇಳಿದು ಬಂದು ಅವರ ಚಾವಣಿ ನೋಡಿ.

– ಕೆಳಮನೆಯ ಒಬ್ಬ ಓದುಗ