ಆ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ, ಮಗಳೇ

ಧಾರವಾಡ

ಗೀತಾ,

ನಿಮ್ಮಣ್ಣ ಸತ್ತ ಅಂತ ಬರೆದುಕೊಡುವ ಕಾಗದಕ್ಕೆ ಸಹಿ ಹಾಕು ಅಂತ ನಿನ್ನೆ ನೀನು ಅಂದೆ. ಮಾತು ಮುಗಿಯುವ ಮೊದಲೇ ನಾನು ಫೋನ್ ಇಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ವಕೀಲರು ಹೇಳಿದ್ದು ಸುಳ್ಳಲ್ಲ. ಏಳು ವರ್ಷ ಸುದ್ದಿಯೇ ಇಲ್ಲದವನು ಬದುಕಿದ್ದಾನೆ ಅನ್ನುವವರೇ ಅದನ್ನು ಸಾಬೀತು ಮಾಡಬೇಕು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಅದು 108ನೇ ಕಲಂ, ಈಗಿನದರಲ್ಲಿ 111. ಬದುಕಿದ್ದರೆ ಮನೆಯವರ ಕಿವಿಗೆ ಬೀಳುತ್ತಿತ್ತು ಅಂತ ಅದರ ಲೆಕ್ಕ. ಆದರೆ ನಿಮ್ಮಣ್ಣ ಹೇಗೆ ಸುದ್ದಿ ಕಳಿಸಬೇಕಿತ್ತು? ಮಾತು ಬಾರದು. ಹೆಸರು ಬರೆಯಲು ಬಾರದು. ಯಾವೂರು ಅಂದರೆ ನಗುವ ಹುಡುಗ. ಅವನು ಇಪ್ಪತ್ತು ವರ್ಷ ಸುಮ್ಮನಿದ್ದರೂ ಸತ್ತ ಅಂತ ಅರ್ಥವಲ್ಲ.

ನನಗೆ ಅವನು ಕಾಣೆಯಾದ ಆ ವಸತಿ ಕೇಂದ್ರದ ಗೇಟೇ ಕಣ್ಣ ಮುಂದೆ ಬರುತ್ತದೆ. ಎತ್ತಿ ತಿರುಗಿಸಬೇಕಾದ ಚಿಲಕ ಅದು. ಅವನ ಅಂಗಿಯ ಗುಂಡಿ ಹಾಕುತ್ತಿದ್ದದ್ದು ನೀನು, ಇಲ್ಲವೇ ನಿಮ್ಮವ್ವ. ಅವನ ಬೆರಳು ಮಡಚುತ್ತಲೇ ಇರಲಿಲ್ಲ. ತಾನೇ ಚಿಲಕ ತೆಗೆದು ಹೋದ ಅಂತ ಬರೆದುಕೊಂಡರು. ಯಾರು ನೋಡಿದರು? ನಾಷ್ಟಾ ಮಾಡಿದ್ದ, ಊಟಕ್ಕೆ ಕರೆದಾಗ ಇರಲಿಲ್ಲ. ನಡುವೆ ಗೇಟಿನ ಹತ್ತಿರ ಯಾರಿದ್ದರು? ಆ ಚಿಲಕ ತೆಗೆಯುವುದು ಅವನ ಕೈಲಿ ಆಗುವ ಕೆಲಸವಲ್ಲ, ಗೀತಾ. ನಿನಗೂ ಗೊತ್ತು.

ಪರೀಕ್ಷೆ ಬಿಟ್ಟು ನೀನು ಬಸ್ ನಿಲ್ದಾಣಗಳಲ್ಲಿ ಅವನ ಫೋಟೊ ಅಂಟಿಸಿದ್ದನ್ನು ಗದಗಿನ ಕಾಕಾ ಇವತ್ತಿಗೂ ಹೇಳುತ್ತಾನೆ. ಕೇಳಿದಾಗೆಲ್ಲ ಎದೆ ಉಬ್ಬುತ್ತದೆ. ಅಂಥವಳು ಈಗ ದಣಿದಿದ್ದೀಯ, ಅಷ್ಟೇ.

ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮಿನಲ್ಲಿ ಜನ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಕಂಬಕ್ಕೆ ಒರಗಿ ಕೂತವರ ಮುಖ ನೋಡುತ್ತಾ ನಡೆಯುತ್ತೇನೆ. ಸಿದ್ಧಾರೂಢ ಮಠದ ಪ್ರಸಾದದ ಪಂಗತಿಯಲ್ಲೂ ಹಾಗೇ. ಮಾತು ಬಾರದವರು ಆಧಾರ್ ಬೆರಳಚ್ಚಿನಿಂದ ಮನೆ ಸೇರಿದ ಸುದ್ದಿಗಳು ಪೇಪರಿನಲ್ಲಿ ಬಂದಿವೆ, ಅಲ್ವಾ? ಅವನ ಆಧಾರ್ ಕೂಡ ಇದೆ. ಆ ಬೆರಳುಗಳನ್ನು ನಾನೇ ಒತ್ತಿ ಹಿಡಿದಿದ್ದೆ.

ನೀನು ಓದಿದವಳು. ಯಾವ ಕಾಗದವೇ ಇರಲಿ, ಸಹಿ ಹಾಕುವ ಮೊದಲು ಅದರಿಂದ ಯಾರು ಪಾರಾಗುತ್ತಾರೆ ಅಂತ ನೋಡಬೇಕು. ಅವನು ಸತ್ತ ಅಂತ ನಾವೇ ಬರೆದುಕೊಟ್ಟರೆ ಗೇಟು ತೆಗೆದವರನ್ನು ಇನ್ನು ಯಾರು ಕೇಳುತ್ತಾರೆ?

ಹೊಲದಲ್ಲಿ ನಿನ್ನ ಪಾಲು ಬೇಕಾದರೆ ಈ ವಾರವೇ ಬರೆದುಕೊಡುತ್ತೇನೆ. ಪಹಣಿ ಉತಾರದಲ್ಲಿ ಅವನ ಹೆಸರು ಇರಲಿ. ರವಿವಾರ ಬಾ, ಸೋಮವಾರ ರಜೆ ಹಾಕು. ಆ ದಿನ ಗೇಟಿನಲ್ಲಿದ್ದವರ ಹೇಳಿಕೆ ತೆಗೆದುಕೊಂಡಿದ್ದಾರಾ ಅಂತ ಠಾಣೆಗೆ ಅರ್ಜಿ ಕೊಡೋಣ. ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ.

ನಿನ್ನ ಅಪ್ಪ